ನೀರು ಕುಡಿಯದೆ ಓಡಿದ ಮ್ಯಾರಥಾನ್

ಡಯಾಲಿಸಿಸ್ ಕೇಂದ್ರದ ಹೊರಗಿನ ಬೆಂಚಿನಲ್ಲಿ ಯಾರೂ ಯಾರ ಹೆಸರನ್ನೂ ಮೊದಲು ಕೇಳುವುದಿಲ್ಲ. "ಕತ್ತಾ, ಕೈಯಾ?" ಎಂದು ಕೇಳುತ್ತಾರೆ. ರಕ್ತ ಯಂತ್ರಕ್ಕೆ ಹೋಗಿ ಶುದ್ಧವಾಗಿ ಮೈಗೆ ಮರಳಲು ಒಂದು ದಾರಿ ಬೇಕು. ಹೊಸಬರಿಗೆ ಕತ್ತಿನ ಬುಡದಲ್ಲಿ ನಳಿಕೆ ಇಟ್ಟಿರುತ್ತಾರೆ, ಅದು ತಾತ್ಕಾಲಿಕ. ಹಳಬರಿಗೆ ಮುಂಗೈಯಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆ ಮಾಡಿ ಎರಡು ರಕ್ತನಾಳಗಳನ್ನು ಕೂಡಿಸಿರುತ್ತಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದು ವರ್ಷಗಳ ಲೆಕ್ಕದ್ದು. ಕತ್ತಿನವರೆಂದರೆ ಮೂತ್ರಪಿಂಡ ಮತ್ತೆ ಕೆಲಸ ಆರಂಭಿಸಬಹುದೆಂದು ಕಾಯುತ್ತಿರುವವರು. ಕೈಯವರೆಂದರೆ ಕಾಯುವುದನ್ನು ನಿಲ್ಲಿಸಿದವರು.

ನಾನು ಬಹಳ ಕಾಲ ಕತ್ತಿನವಳಾಗಿದ್ದೆ. ಇವತ್ತು ಅದೇ ಬೆಂಚಿನ ಮೇಲೆ ಕತ್ತಿಗೆ ಸೆರಗು ಸುತ್ತಿಕೊಂಡು ಕುಳಿತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಧೈರ್ಯ ತುಂಬುವ ಮಾತು ನನ್ನ ಬಳಿ ಇಲ್ಲ. ತಪ್ಪನ್ನು ತಪ್ಪೆಂದು ಕರೆಯುವುದು ಮಾತ್ರ ನನಗೆ ಮೊದಲಿನಿಂದ ಬಂದ ಅಭ್ಯಾಸ. ಅದನ್ನು ಕಾಯಿಲೆಯೂ ಬಿಡಿಸಿಲ್ಲ.

ನಾನು ಹುಟ್ಟಿದ್ದು ಹೆಡತಲೆಯಲ್ಲಿ, ಕೆಲಸ ಮಾಡುತ್ತಿರುವುದು ತಿ. ನರಸೀಪುರದಲ್ಲಿ, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಯಾಗಿ. ಮೈಸೂರಿನಲ್ಲಿ ಓದುವಾಗ ಬೀದಿನಾಟಕದ ತಂಡವೊಂದರಲ್ಲಿದ್ದೆ. ಆ ತಂಡ ನನಗೆ ಕಲಿಸಿದ್ದು ಒಂದೇ ಪಾಠ: ನಮ್ಮ ಕಷ್ಟಗಳಲ್ಲಿ ಹಣೆಬರಹದ ಪಾಲು ಕಡಿಮೆ, ಯಾರದೋ ನಿರ್ಲಕ್ಷ್ಯದ ಪಾಲು ಹೆಚ್ಚು. ಕೆಲಸ ಸಿಕ್ಕಿದ ಮೇಲೆ ನಾನು ಹಿಡಿದದ್ದು ಹೆಣ್ಣುಮಕ್ಕಳ ಶೌಚಾಲಯದ ವಿಷಯವನ್ನು. ಶಾಲೆಗಳಲ್ಲಿ, ಸಂತೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಕಟ್ಟಡವಿರುತ್ತದೆ, ಬಾಗಿಲಿಗೆ ಬೀಗವಿರುತ್ತದೆ. ಆ ಬೀಗ ತೆಗೆಸುವುದಕ್ಕಾಗಿ ನಾನು ಕೊಟ್ಟ ಮನವಿಗಳು, ಮಾಡಿದ ಧರಣಿಗಳು ನನ್ನ ಸಹೋದ್ಯೋಗಿಗಳಿಗೆ ತಮಾಷೆಯ ವಸ್ತುವಾಗಿದ್ದವು. ಬೆನ್ನ ಹಿಂದೆ ನನಗಿಟ್ಟ ಹೆಸರು ಕಕ್ಕಸ್ ಮೇಡಂ. ಅದು ಕಿವಿಗೆ ಬಿದ್ದಾಗ ನನಗೆ ಬೇಸರವಾಗಲಿಲ್ಲ.

ಓಟ ಆರಂಭವಾದದ್ದೂ ಅದರಿಂದಲೇ. ನಾವು ಕೆಲವು ಹೆಂಗಸರು, ಶಿಕ್ಷಕಿಯರು, ಅಂಗನವಾಡಿಯವರು, ಒಬ್ಬ ಟೈಲರ್, ಬೆಳಗಿನ ಹೊತ್ತು ಸಂಗಮದ ಕಡೆಯ ರಸ್ತೆಯಲ್ಲಿ ಚೂಡಿದಾರ್ ಹಾಕಿಕೊಂಡು ಓಡುತ್ತಿದ್ದೆವು. ಮೊದಮೊದಲು ಗಂಡಸರು ಟೀ ಅಂಗಡಿಯಲ್ಲಿ ಲೋಟ ಹಿಡಿದುಕೊಂಡೇ ನೋಡುತ್ತಿದ್ದರು. ಆಮೇಲೆ ನೋಡುವುದನ್ನು ಬಿಟ್ಟರು. ಮೂರು ವರ್ಷ ಓಡಿದ ಮೇಲೆ ಬೆಂಗಳೂರಿನ ದೊಡ್ಡ ಮ್ಯಾರಥಾನ್‌ಗೆ ಹೋಗುವ ಆಸೆ ಬಂತು. ಅಂಗಿಯ ಬೆನ್ನ ಮೇಲೆ "ಶೌಚಾಲಯದ ಬೀಗ ತೆಗೆಯಿರಿ" ಎಂದು ಬರೆಸಿಕೊಂಡು ನಲವತ್ತೆರಡು ಕಿಲೋಮೀಟರ್ ಓಡಿದರೆ ಪತ್ರಿಕೆಯವರಾದರೂ ನೋಡುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ನಮ್ಮ ಟೈಲರ್ ಜಯಲಕ್ಷ್ಮಿಯೇ ಅಂಗಿಗಳನ್ನು ಹೊಲಿದಳು. ಪೂರ್ತಿ ದೂರಕ್ಕೆ ಹೊರಟವರು ನಾವಿಬ್ಬರೇ. ಉಳಿದವರು ಹತ್ತು ಕಿಲೋಮೀಟರಿನವರು.

ಓಟಕ್ಕೆ ವೈದ್ಯರ ಪ್ರಮಾಣಪತ್ರ ಬೇಕಿತ್ತು. ಪರಿಚಯದ ವೈದ್ಯರೊಬ್ಬರು ನಗುತ್ತಾ ಸಹಿ ಹಾಕಿದರು. ದಿನವೂ ಓಡುವ ಹೆಂಗಸಿಗೆ ಏನು ರೋಗವಿರುತ್ತದೆ ಎಂದು ಕೇಳಿ ನನ್ನನ್ನೇ ಹೊಗಳಿದರು. ರಕ್ತದೊತ್ತಡ ನೋಡುವ ಉಪಕರಣ ಅವರ ಮೇಜಿನ ಮೇಲೆಯೇ ಇತ್ತು. ನಲವತ್ತು ದಾಟಿದ ಹೆಂಗಸಿನ ತೋಳಿಗೆ ಅದನ್ನು ಸುತ್ತಬೇಕೆಂದು ಅವರಿಗೆ ಅನ್ನಿಸಲಿಲ್ಲ. ಇದು ಮೊದಲನೆಯ ತಪ್ಪು.

ಎರಡನೆಯದು ಸೂಜಿ. ನಮ್ಮ ಕಡೆ ಮೈಕೈ ನೋವೆಂದರೆ ಸೂಜಿ ಚುಚ್ಚಿಸಿಕೊಂಡು ಬರುವುದು ವಾಡಿಕೆ. ಕಬ್ಬು ಕಡಿದವರು, ನಾಟಿ ಮಾಡಿದವರು, ದಿನವಿಡೀ ನಿಂತು ಪಾಠ ಮಾಡಿದವರು, ಎಲ್ಲರಿಗೂ ಒಂದೇ ಸೂಜಿ. ಯಾವ ಔಷಧಿ ಎಂದು ರೋಗಿ ಕೇಳುವುದಿಲ್ಲ, ಚುಚ್ಚುವವರು ಹೇಳುವುದಿಲ್ಲ. ಓಟದ ಹಿಂದಿನ ದಿನ ನಮ್ಮ ತಂಡವೆಲ್ಲ ಕ್ಲಿನಿಕ್ಕೊಂದಕ್ಕೆ ಒಟ್ಟಿಗೆ ಹೋಗಿ, ಮಂಡಿ ನೋವು ಬರದಿರಲೆಂದು ಮುಂಚಿತವಾಗಿ ಚುಚ್ಚಿಸಿಕೊಂಡು ಬಸ್ ಹತ್ತಿದೆವು. ಓಟದ ದಾರಿಯಲ್ಲಿಯೂ ಅದೇ ಕಥೆ ಎಂಬುದು ಆಮೇಲೆ ಗೊತ್ತಾಯಿತು. ಇಂಗ್ಲಿಷ್ ಮಾತನಾಡುವ ಓಟಗಾರರು ನೋವಿನ ಮಾತ್ರೆಯ ಪಟ್ಟಿಯನ್ನು ಪೆಪ್ಪರ್‌ಮೆಂಟಿನಂತೆ ಹಂಚಿಕೊಳ್ಳುತ್ತಿದ್ದರು. ನನಗೂ ಒಂದು ಕೊಟ್ಟರು. ತೆಗೆದುಕೊಂಡೆ.

ಆ ಓಟದ ಬೆಳಗು ಸುಂದರವಾಗಿತ್ತು ಎಂಬುದನ್ನು ಬರೆಯದೆ ಹೋದರೆ ಅದೂ ಸುಳ್ಳಾಗುತ್ತದೆ. ಕತ್ತಲು ಹರಿಯುವ ಮೊದಲೇ ಸಾವಿರಾರು ಜನ ಎದೆಗೆ ಸಂಖ್ಯೆ ಕಟ್ಟಿಕೊಂಡು, ಕುರಿಮಂದೆಯಂತೆ ಒತ್ತೊತ್ತಾಗಿ, ಮೈಯ ಹಬೆಯಲ್ಲಿ ನಿಂತಿದ್ದೆವು. ಯಾರೋ ತಮಟೆ ಬಾರಿಸುತ್ತಿದ್ದರು. ವೇಗ ತೋರಿಸುವವರು ಬಲೂನು ಕಟ್ಟಿಕೊಂಡು ಮುಂದೆ ಓಡುತ್ತಿದ್ದರು. ಅಪಾರ್ಟ್‌ಮೆಂಟಿನ ಮಕ್ಕಳು ರಸ್ತೆಯ ಬದಿಯಲ್ಲಿ ನಿಂತು ಗುರುತಿಲ್ಲದ ನಮ್ಮ ಅಂಗೈಗೆ ಅಂಗೈ ತಟ್ಟುತ್ತಿದ್ದರು. ನಮ್ಮೂರಿನಲ್ಲಿ ಎಷ್ಟೋ ಮನೆಗಳವರು ಮುಟ್ಟದ ಕೈ ಅದು. ಬೆನ್ನ ಮೇಲಿನ ಬರಹ ಓದಿದ ಹೆಂಗಸರು ಓಡುತ್ತಲೇ ಹೆಬ್ಬೆರಳು ಎತ್ತಿ ತೋರಿಸಿ ಹೋಗುತ್ತಿದ್ದರು.

ನೀರಿಗೆ ಕೊರತೆ ಇರಲಿಲ್ಲ. ಮೇಜಿನ ಮೇಲೆ ಲೋಟಗಳನ್ನು ಜೋಡಿಸಿ ಕೂಗಿ ಕರೆಯುತ್ತಿದ್ದರು. ಆದರೆ ಹೆಂಗಸರ ಶೌಚಾಲಯವೆಂದರೆ ಎಲ್ಲೋ ಒಂದೆಡೆ ನಿಲ್ಲಿಸಿದ ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮುಂದೆ ಬಾಗಿಲ ಕಡೆಯೇ ಕಣ್ಣು ನೆಟ್ಟ ಸಾಲು. ಗಂಡಸರು ಮರದ ಮರೆಗೆ ಹೋಗಿ ಬಂದು ಓಟ ಮುಂದುವರಿಸುತ್ತಿದ್ದರು. ನಾನು ಲೋಟ ಎತ್ತಿಕೊಂಡದ್ದನ್ನು ನೋಡಿ ಜಯಲಕ್ಷ್ಮಿ ಹೇಳಿದಳು: "ಬ್ಯಾಡ ಕಣಕ್ಕ, ಕುಡುದ್ರೆ ಆ ಕ್ಯೂಲಿ ನಿಲ್ಬೇಕಾಯ್ತದೆ. ಬಾಯ್ ನೆನಸ್ಕೊಂಡು ಉಗುದ್ಬುಡು."

ಉಗಿದೆ. ಅದು ನಮಗೆ ಹೊಸದಲ್ಲ. ಹೆಡತಲೆಯಿಂದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುವ ಕಾಲದಿಂದಲೂ ಬೆಳಿಗ್ಗೆ ಮನೆ ಬಿಡುವಾಗ ನೀರು ಕುಡಿಯಬಾರದು, ಸಂಜೆ ಮನೆ ಸೇರುವವರೆಗೆ ಕುಡಿಯಬಾರದು ಎಂಬುದನ್ನು ಯಾರೂ ಹೇಳಿಕೊಡದೆ ನಾವು ಕಲಿತಿದ್ದೆವು. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಜಾಗವಿರಲಿಲ್ಲ. ಶಿಕ್ಷಕಿಯಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ನನ್ನ ಬಾಟಲಿ ಸಂಜೆ ಮನೆಗೆ ತುಂಬಿಕೊಂಡೇ ಮರಳುತ್ತಿತ್ತು. ಬೆಂಗಳೂರಿನ ಓಟಗಾರ್ತಿಯೊಬ್ಬರು, ದುಬಾರಿ ಶೂ ಹಾಕಿದ್ದವರು, ತಾವೂ ಕೊನೆಯವರೆಗೆ ಗುಟುಕಷ್ಟೇ ಕುಡಿಯುವುದೆಂದು ಓಡುತ್ತಾ ಹೇಳಿದರು. ಬಿಸಿಲೇರಿತ್ತು. ಆ ಮಾತಿನಿಂದ ನನಗೆ ಆತಂಕವಾಗಬೇಕಿತ್ತು. ಅಕ್ಕತಂಗಿಯರು ಸಿಕ್ಕ ಸಂತೋಷವಾಯಿತು.

ಮುಗಿಸಿದೆ. ಪದಕ ಹಾಕಿದರು. ತೊಡೆಗಳು ಮರಗಟ್ಟಿದ್ದವು. ಒಂದು ಸಲ ಮಾತ್ರ ಸ್ವಲ್ಪ ಮೂತ್ರವಾಯಿತು, ಕಾಫಿ ಡಿಕಾಕ್ಷನ್ನಿನ ಬಣ್ಣ. ಉಷ್ಣವೆಂದುಕೊಂಡೆ. ಮೈಸೂರಿಗೆ ಬಸ್ ಹತ್ತಿದೆವು. ಮೈಸೂರು ತಲುಪುವವರೆಗೆ, ಅಲ್ಲಿಂದ ಮತ್ತೊಂದು ಬಸ್ಸಿನಲ್ಲಿ ನರಸೀಪುರ ಸೇರುವವರೆಗೆ, ನನಗೆ ಒಮ್ಮೆಯೂ ಅವಸರವಾಗಲಿಲ್ಲ. ಎಲ್ಲಿ ಇಳಿಯುವುದು, ಯಾರನ್ನು ಕೇಳುವುದು ಎಂಬ ಚಿಂತೆಯಿಲ್ಲದೆ ಜೀವನದಲ್ಲಿ ಮೊದಲ ಬಾರಿಗೆ ಅಷ್ಟು ದೂರದ ಪ್ರಯಾಣ ಮಾಡಿದೆ. ನನ್ನ ಮೂತ್ರಪಿಂಡಗಳು ನಿಂತುಹೋಗಿದ್ದವು. ಅದನ್ನು ನಾನು ಅನುಕೂಲವೆಂದು ತಿಳಿದೆ. ಮರುದಿನವೂ ಹಾಗೆಯೇ ತಿಳಿದು ಶಾಲೆಗೆ ಹೋದೆ. ಮುಖ ಊದಿಕೊಂಡು, ಹಲಗೆಯ ಮೇಲಿನ ಅಕ್ಷರ ಎರಡೆರಡಾಗಿ ಕಂಡು, ವಾಂತಿ ಮಾಡಿಕೊಂಡ ಮೇಲೆ ನನ್ನ ಪತಿ ಸಿದ್ದರಾಜು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ಪರೀಕ್ಷಿಸಿದ ಕಿರಿಯ ವೈದ್ಯರು ಎಲ್ಲ ಪ್ರಶ್ನೆಗಳನ್ನೂ ಸಿದ್ದರಾಜುವನ್ನೇ ಕೇಳಿದರು. ನಾನು ಎಷ್ಟು ಹೊತ್ತಿನಿಂದ ಮೂತ್ರ ಮಾಡಿಲ್ಲ, ನನಗೆ ಯಾವ ಮಾತ್ರೆ ಕೊಟ್ಟಿದ್ದರು, ನನಗೆ ಮುಟ್ಟು ಸರಿಯಾಗಿ ಆಗುತ್ತದೆಯೇ. ರೇಷ್ಮೆ ಇಲಾಖೆಯ ನೌಕರರಾದ ಅವರು ಪ್ರತಿ ಪ್ರಶ್ನೆಗೂ ನನ್ನ ಮುಖ ನೋಡಿ, ನಾನು ಹೇಳಿದ್ದನ್ನು ಮತ್ತೆ ವೈದ್ಯರಿಗೆ ಹೇಳುತ್ತಿದ್ದರು, ದುಭಾಷಿಯ ಹಾಗೆ. ನಾನು ಮೂರು ಅಡಿ ದೂರದಲ್ಲಿ, ಪೂರ್ತಿ ಪ್ರಜ್ಞೆಯಲ್ಲಿದ್ದೆ.

ಕತ್ತಿಗೆ ನಳಿಕೆ ಇಟ್ಟರು. ಸ್ಕ್ಯಾನ್ ನೋಡಿದ ಹಿರಿಯ ವೈದ್ಯೆ ಮಾತ್ರ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕುಳಿತು, ನನಗೇ ಹೇಳಿದರು. ಆ ಕುರ್ಚಿಯನ್ನು ನಾನು ಮರೆಯುವುದಿಲ್ಲ. ನನ್ನ ಮೂತ್ರಪಿಂಡಗಳು ಮೊದಲೇ ಸ್ವಲ್ಪ ಕುಗ್ಗಿದ್ದವಂತೆ. ಯಾರೂ ಅಳೆಯದ ರಕ್ತದೊತ್ತಡ, ವರ್ಷಗಳ ಸೂಜಿ ಮತ್ತು ಮಾತ್ರೆಗಳು, ವರ್ಷಗಳ ಬಾಯಾರಿಕೆ, ಎಲ್ಲವೂ ಸೇರಿ ಸವೆಸಿದ್ದನ್ನು ಆ ಒಂದು ಬೆಳಗಿನ ಓಟ ಕೆಡವಿತ್ತು. ಮತ್ತೆ ಎಚ್ಚರಗೊಳ್ಳಬಹುದೇ ಎಂದು ಕೇಳಿದೆ. ಕೆಲವರಿಗೆ ಆಗುತ್ತದೆ, ಕೆಲವು ವಾರ ಕಾದು ನೋಡಬೇಕು ಎಂದರು. ಆ "ಕೆಲವರಲ್ಲಿ" ನಾನೊಬ್ಬಳೆಂದು ಆ ಕ್ಷಣವೇ ನಿರ್ಧರಿಸಿಕೊಂಡೆ.

ಅಂದಿನಿಂದ ನಮ್ಮ ಮನೆಯ ದಿನ ಆರಂಭವಾಗುತ್ತಿದ್ದದ್ದು ಮೂತ್ರ ಅಳೆಯಲು ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗಿನಿಂದ. ನಾನು ಬಚ್ಚಲಿನಿಂದ ಹೊರಬರುವಾಗ ಅವ್ವ ಬಾಗಿಲ ಬಳಿ ಸುಮ್ಮನೆ ಏನೋ ಹುಡುಕುತ್ತಿರುವವಳಂತೆ ನಿಂತಿರುತ್ತಿದ್ದಳು. ಅವಳು ಹೆಡತಲೆಯ ಮನೆಗೆ ಬೀಗ ಹಾಕಿ ನನ್ನ ಜೊತೆ ಬಂದಿದ್ದಳು. ಜಗ್ಗಿನ ತಳ ಮುಚ್ಚುವಷ್ಟೂ ಇಲ್ಲದ ದಿನ ಅವಳು ಅದನ್ನು ಎರಡೆರಡು ಸಲ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ವಾರ ಗೆರೆ ಸ್ವಲ್ಪ ಮೇಲೇರಿತು. ಸಿದ್ದರಾಜು ಮೈಸೂರಿನಿಂದ ಮಲ್ಲಿಗೆ ತಂದರು. ಅವ್ವ ಪಾಯಸ ಮಾಡಿ, ನಾನು ತಿನ್ನುವಂತಿಲ್ಲವೆಂದು ನೆನಪಾಗಿ, ಅಕ್ಕಪಕ್ಕದವರಿಗೆ ಹಂಚಿದಳು. ಮುಂದಿನ ರಕ್ತ ಪರೀಕ್ಷೆಯಲ್ಲಿ ಏನೂ ಬದಲಾಗಿರಲಿಲ್ಲ. ಬಂದದ್ದು ಬರಿಯ ನೀರು. ಹೋಗಬೇಕಾದ ವಿಷ ಒಳಗೇ ಉಳಿದಿತ್ತು.

ವಾರಕ್ಕೆ ಮೂರು ಬಾರಿ ನಾನು ಹೋಗುತ್ತಿದ್ದ ಕೇಂದ್ರದ ಹೆಸರನ್ನು ಬರೆಯುವುದಿಲ್ಲ. ಅಲ್ಲಿನ ಕೊರತೆ ಅದೊಂದರದ್ದೇ ಅಲ್ಲ. ಯಂತ್ರ ಕೆಟ್ಟರೆ ದುರಸ್ತಿ ಮಾಡುವವರು ಬರುವವರೆಗೆ ಎಲ್ಲರ ಹೊತ್ತನ್ನೂ ಕತ್ತರಿಸುತ್ತಿದ್ದರು. ನಾಲ್ಕು ಗಂಟೆ ಬೇಕಾದ ಮೈಗೆ ಕಡಿಮೆ ಸಿಕ್ಕಿದರೆ ಆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಮನವಿ ಬರೆದೆ. ಬೆಂಚಿನವರಲ್ಲಿ ಅರ್ಧ ಜನ ಸಹಿ ಹಾಕಲಿಲ್ಲ. ಇದ್ದದ್ದನ್ನೂ ಕಿತ್ತುಕೊಂಡಾರೆಂದು ಹೆದರಿದರು. ಅವರ ಭಯವನ್ನು ತಪ್ಪೆನ್ನಲು ನನಗೆ ಮನಸ್ಸು ಬರಲಿಲ್ಲ. ಆ ಭಯವನ್ನು ಹುಟ್ಟಿಸಿದವರದು ತಪ್ಪು.

ನನ್ನ ಪಕ್ಕದ ಹಾಸಿಗೆ ಬಿಳಿಗೆರೆಯ ರಾಚಪ್ಪನವರದು. ಬಹಳ ವರ್ಷಗಳಿಂದ ಕೈಯವರು; ಮುಂಗೈಯಲ್ಲಿ ನಾಳ ಹಗ್ಗದಂತೆ ಗಂಟುಗಂಟಾಗಿ ಎದ್ದಿತ್ತು. ನಾನು ಪ್ರತಿ ಸಲ ತಂತ್ರಜ್ಞೆಯನ್ನು ನನ್ನ ರಕ್ತ ಪರೀಕ್ಷೆಯ ಬಗ್ಗೆ ಪೀಡಿಸುವುದನ್ನು ಕೇಳಿ ಕೇಳಿ ಅವರು ಒಂದು ದಿನ ಹೇಳಿದರು:

"ಟೀಚರಮ್ಮ, ನೀವು ಮದ್ವೆ ಮನೆಗೆ ಬಂದ ನೆಂಟ್ರಂಗೆ ಕೂತಿದ್ದೀರಿ. ಊಟ ಆದೇಟ್ಗೆ ಬಸ್ ಇಡ್ಕೊಂಡು ಓಯ್ತೀನಿ ಅಂತ. ನಾವು ಮನೆಯೋರು ಕಣವ್ವ, ಎಲೆ ಎತ್ತೋದು ನಮ್ ಕೆಲ್ಸ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ, ನಾನು ನಿಮ್ಮವಳಲ್ಲ, ನಾನು ಹೊರಟುಹೋಗುವವಳು ಎಂದುಕೊಳ್ಳುತ್ತಿದ್ದೆ. ಸಮಾನತೆಯ ಬಗ್ಗೆ ಅಷ್ಟು ಭಾಷಣ ಮಾಡಿದವಳಿಗೆ ಆ ಕೋಣೆಯಲ್ಲಿ ಸಮಾನಳಾಗುವುದು ಬೇಡವಾಗಿತ್ತು.

ರಾಚಪ್ಪನವರು ಮಾಡಿದ ಉಪಕಾರವನ್ನೂ ಹೇಳಬೇಕು. ನನ್ನ ಶಾಲೆಯಲ್ಲಿ ಪರೀಕ್ಷೆ ಇದ್ದಾಗ ತಮ್ಮ ಬೆಳಗಿನ ಸರದಿಯನ್ನು ನನಗೆ ಕೊಟ್ಟು, ತಾವು ಸಂಜೆಯವರೆಗೆ ಕಾಯುತ್ತಿದ್ದರು. ಆ ಕೋಣೆಯಲ್ಲಿ ಸರದಿ ಬಿಟ್ಟುಕೊಡುವುದೆಂದರೆ ಉಸಿರನ್ನೇ ಸ್ವಲ್ಪ ಹೊತ್ತು ಕೈಗಡ ಕೊಟ್ಟಂತೆ. ಒಂದು ಸೋಮವಾರ ಅವರ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಗೋಡೆಯ ಸರದಿಪಟ್ಟಿಯಲ್ಲಿ ರಾಚಪ್ಪನವರ ಹೆಸರಿಗೆ ಅಡ್ಡಗೆರೆ ಬಿದ್ದಿತ್ತು.

ಮೂತ್ರಪಿಂಡ ಕೊಡುವವರ ಮಾತೂ ಬಂತು. ಅವ್ವನಿಗೆ ಸಕ್ಕರೆ ಕಾಯಿಲೆ, ಅವಳದು ಆಗುವುದಿಲ್ಲ. ಸಿದ್ದರಾಜು ತಾವಾಗಿಯೇ ತಮ್ಮದನ್ನು ಕೊಡುತ್ತೇನೆಂದರು. ಆ ವಾರ ನನ್ನ ಅತ್ತೆ ಊರಿನಿಂದ ಬಂದು ಎರಡು ದಿನ ಇದ್ದು, ಮನೆ ನಡೆಸುವವನಿಗೆ ಏನಾದರೂ ಆದರೆ ಏನು ಗತಿ ಎಂದು ಅಡುಗೆಮನೆಯಲ್ಲಿ ಅವ್ವನನ್ನು ಕೇಳಿ ಅತ್ತು ಹೋದರು. ಸಿದ್ದರಾಜು ಮತ್ತೆ ಆ ಮಾತೆತ್ತಲಿಲ್ಲ. ನನಗೂ ಕೆಲಸವಿದೆ, ಆ ಮನೆಯನ್ನು ನಾನೂ ನಡೆಸುತ್ತೇನೆ ಎಂಬುದು ಅಲ್ಲಿ ಯಾರಿಗೂ ನೆನಪಾಗಲಿಲ್ಲ. ಬೆಂಚಿನ ಮೇಲೆ ಕುಳಿತು ನಾನು ನೋಡಿದ್ದೇನೆ: ಗಂಡನಿಗೆ ಕೊಟ್ಟ ಹೆಂಡತಿಯರಿದ್ದಾರೆ, ಮಗನಿಗೆ ಕೊಟ್ಟ ತಾಯಂದಿರಿದ್ದಾರೆ. ಹೆಂಡತಿಗೆ ಕೊಟ್ಟ ಗಂಡನೊಬ್ಬನನ್ನು ನಾನಿನ್ನೂ ಕಂಡಿಲ್ಲ. ಇದನ್ನು ಸಿದ್ದರಾಜುವಿಗೆ ಓದಿ ತೋರಿಸಿಯೇ ಬರೆಯುತ್ತಿದ್ದೇನೆ. ಅವರು ತಲೆ ತಗ್ಗಿಸಿ ಕೇಳಿ, ತರಕಾರಿ ಬೇಯಿಸಲು ಎದ್ದುಹೋದರು. ತರಕಾರಿ, ಹಣ್ಣುಗಳ ಪೊಟ್ಯಾಸಿಯಂ ನನ್ನ ಮೈಗೆ ವಿಷ; ಅದು ಇಳಿಯಲು ತರಕಾರಿಯನ್ನು ಎರಡು ಬಾರಿ ಬೇಯಿಸಿ ನೀರು ಬಸಿಯಬೇಕು. ಆ ಕೆಲಸವನ್ನು ಅವರು ಇವತ್ತಿನವರೆಗೆ ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಆ ವಯಸ್ಸಿನಲ್ಲಿ ಓಟ ಯಾಕೆ ಬೇಕಿತ್ತು ಎಂದು ಕೇಳಿದವರು ಬಹಳ. ನೋಡಲು ಬಂದವರೆಲ್ಲ ಬಾಳೆಹಣ್ಣಿನ ಜೊತೆ ಆ ಪ್ರಶ್ನೆಯನ್ನೂ ತಂದರು. ಎರಡೂ ನನಗೆ ವರ್ಜ್ಯ. ಓಟವೊಂದೇ ನನ್ನನ್ನು ಕೆಡವಲಿಲ್ಲ ಎಂದು ಪ್ರತಿಯೊಬ್ಬರಿಗೂ ವಿವರಿಸುತ್ತಿದ್ದೆ. ಆಮೇಲೆ ವಿವರಿಸುವುದನ್ನು ಬಿಟ್ಟೆ.

ವೈದ್ಯೆ ಫಿಸ್ಟುಲಾದ ಮಾತೆತ್ತಿದಾಗಲೆಲ್ಲ ಮುಂದಿನ ತಿಂಗಳು ಎನ್ನುತ್ತಿದ್ದೆ. ಒಮ್ಮೆ ನಳಿಕೆಯ ಜಾಗದಲ್ಲಿ ಸೋಂಕಾಗಿ ಚಳಿಜ್ವರದಲ್ಲಿ ನಡುಗಿ ಮತ್ತೆ ಆಸ್ಪತ್ರೆ ಸೇರಿದೆ. ವೈದ್ಯೆ ಮೊದಲಿನ ಹಾಗೆಯೇ ಕುರ್ಚಿ ಎಳೆದುಕೊಂಡು ಕುಳಿತು ಹೇಳಿದರು: "ನೀವು ಕಾಯ್ತೀರಿ ಮೇಡಂ, ನಾನೂ ಕಾಯ್ತೀನಿ. ಆದ್ರೆ ಕತ್ತಲ್ಲಿರೋ ಟ್ಯೂಬು ಕಾಯಲ್ಲ." ಆಗಲೂ ನಾನು ಒಪ್ಪಲಿಲ್ಲ. ಒಪ್ಪಿದರೆ ಮೂತ್ರಪಿಂಡಗಳಿಗೆ ನಾನೇ ಮರಣ ಪ್ರಮಾಣಪತ್ರ ಬರೆದುಕೊಟ್ಟಂತೆ ಎನ್ನಿಸುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವ್ವ ನನ್ನ ಕಾಲ ಬಳಿ ಕುಳಿತಳು. ನಮ್ಮದು ಅಪ್ಪನ ಕಾಲದಲ್ಲಿ ಬೌದ್ಧರಾದ ಮನೆ. ಗೋಡೆಯ ಮೇಲಿನ ದೇವರ ಪಟಗಳನ್ನು ಇಳಿಸಿದ್ದು ಅಪ್ಪ. ಅವ್ವ ಅವನ್ನು ಮತ್ತೆ ಮೆಲ್ಲಗೆ ಏರಿಸದಂತೆ ನೋಡಿಕೊಂಡವಳು ನಾನು. ಹರಕೆ, ಮುಡಿ, ಉರುಳುಸೇವೆಗಳ ವಿರುದ್ಧ ನಾನು ಆಡಿದ ಮಾತುಗಳನ್ನು ಅವಳು ವರ್ಷಗಟ್ಟಲೆ ಕೇಳಿದ್ದಳು. ಅಂಥವಳು ನನ್ನ ಪಾದ ಒತ್ತುತ್ತಾ, ಮುಖ ನೋಡದೆ ಹೇಳಿದಳು:

"ಪಕ್ಕದ್ ಮನೆಯೋರು ಯೋಳ್ತಾವ್ರೆ ಮಗ. ನಂಜಪ್ಪನ್ ತಾವ್ಕೆ ಓಗಿ ಮುಡಿ ಕೊಟ್ಬುಟ್ಟು ಬತ್ತೀನಿ. ನೀ ಒಪ್ಪುದ್ರೆ."

ನಾನು ಗೋಡೆ ನೋಡುತ್ತಾ ಹೇಳಿದೆ: "ಓಗ್ಬಾ ಅವ್ವ."

ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ ನಂಜನಗೂಡಿನ ಬಸ್ಸಿಗೆಂದು ಹೊರಟಳು. ಮಧ್ಯಾಹ್ನ ತಿರುಗಿ ಬಂದಳು. ತಲೆಯ ಮೇಲೆ ಸೆರಗಿತ್ತು. ಸೆರಗಿನ ಕೆಳಗೆ ಅವಳ ನರೆತ ತುರುಬು ಇದ್ದ ಹಾಗೆಯೇ ಇತ್ತು. ಬಸ್ ನಿಲ್ದಾಣದಲ್ಲಿ ಕುಳಿತಿದ್ದು ಬಂದಳಂತೆ. ಯಾಕೆ ಎಂದು ಕೇಳಿದೆ.

"ನೀನು ಬ್ಯಾಡ ಅಂತ ಕೂಗಾಡಿದ್ರೆ ಓಯ್ತಿದ್ದೆ ಕಣ ಮಗ," ಎಂದಳು. "ಓಗು ಅಂದ್ಬುಟ್ಯಲ್ಲ. ಅದ್ಕೇ ಎದ್ರುಕೆ ಆಗೋಯ್ತು."

ಆಗ ನನಗೆ ಗೊತ್ತಾಯಿತು. ಜಗ್ಗು, ರಕ್ತ ಪರೀಕ್ಷೆ, ವೈದ್ಯೆ, ಯಾರೂ ನನ್ನಿಂದ ಹೊರಡಿಸಲಾಗದ ಮಾತನ್ನು ನಾನು ಆಗಲೇ ಆಡಿ ಮುಗಿಸಿದ್ದೆ. ದೇವರಲ್ಲಿ ನಂಬಿಕೆ ಬಂದು ನಾನು ಅವ್ವನನ್ನು ಕಳಿಸಿರಲಿಲ್ಲ. ಯಾವುದರಲ್ಲಿಯೂ ನಂಬಿಕೆ ಉಳಿಯದೆ ಕಳಿಸಿದ್ದೆ. ಅದನ್ನು ನನಗಿಂತ ಮೊದಲು ಅವಳು ಕೇಳಿಸಿಕೊಂಡಿದ್ದಳು.

ಮುಂದಿನ ಸರದಿಯ ದಿನ ವೈದ್ಯೆಯ ಬಳಿ ಹೋಗಿ, ಫಿಸ್ಟುಲಾ ಆಗಲಿ ಎಂದೆ. ಅವರು ಶಹಬ್ಬಾಸ್ ಎನ್ನಲಿಲ್ಲ, ಅದಕ್ಕೆ ನಾನು ಕೃತಜ್ಞಳು. ಬಲಗೈ ಬೋರ್ಡಿನ ಮೇಲೆ ಬರೆಯಲು ಬೇಕೆಂದು ಎಡಗೈಯನ್ನು ಆರಿಸಿದರು. ಕತ್ತಿನ ನಳಿಕೆ ಇನ್ನೂ ಒಂದೆರಡು ತಿಂಗಳು ಇರುತ್ತದೆ, ಕೈಯ ನಾಳ ಬಲಿತ ಮೇಲೆ ತೆಗೆಯುತ್ತೇವೆ ಎಂದರು. ಇನ್ನು ಮುಂದೆ ಆ ಕೈಯಲ್ಲಿ ಭಾರ ಎತ್ತಬಾರದು, ಬಳೆ ತೊಡಬಾರದು, ಅದರ ಮೇಲೆ ಮಗ್ಗುಲಾಗಬಾರದು. ಶಸ್ತ್ರಚಿಕಿತ್ಸೆ ಮುಗಿದಾಗ ನರ್ಸ್ ನನ್ನ ಬಲ ಅಂಗೈಯನ್ನು ಎಡಗೈಯ ಪಟ್ಟಿಯ ಪಕ್ಕದಲ್ಲಿಟ್ಟು, ದಿನವೂ ಹೀಗೆ ಮುಟ್ಟಿ ನೋಡಿಕೊಳ್ಳಬೇಕೆಂದಳು. ಚರ್ಮದ ಕೆಳಗೆ ರಕ್ತ, ಜೇನುಹುಳು ಸಿಕ್ಕಿಕೊಂಡ ಹಾಗೆ ಗುಯ್ಗುಡುತ್ತಿತ್ತು.

ಮನೆಗೆ ಬಸ್ಸಿನಲ್ಲಿಯೇ ಬಂದೆವು. ಕಿಟಕಿಯ ಬದಿಗೆ ನಾನು, ಎಡಕ್ಕೆ ಅವ್ವ. ಬಸ್ಸು ತಿರುವಿನಲ್ಲಿ ಓಲಾಡಿದಾಗ ನನ್ನ ಕೈಗೆ ಪೆಟ್ಟಾಗದಿರಲೆಂದು ಅವಳು ಅದನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಗ ಅವಳ ಬೆರಳಿಗೆ ಆ ಮಿಡಿತ ತಗುಲಿತು. ಕೈಯನ್ನು ಹಿಂದಕ್ಕೆಳೆದು ನನ್ನ ಮುಖ ನೋಡಿದಳು.

"ಇದು ಯಾವಾಗ ನಿಲ್ತದೆ ಮಗ?"

"ನಿಲ್ಬಾರ್ದು ಕಣವ್ವ. ನಿಂತ್ರೆ ತಿರ್ಗ ಕುಯ್ಬೇಕಾಯ್ತದೆ."

ಅವಳು, ನಿದ್ದೆಗೆ ಜಾರುವ ಮಗುವಿನ ಎದೆಯ ಮೇಲೆ ಇಡುವ ಹಾಗೆ, ಅಂಗೈಯನ್ನು ಮತ್ತೆ ಅಲ್ಲಿಟ್ಟಳು. ನರಸೀಪುರ ಬರುವವರೆಗೂ ತೆಗೆಯಲಿಲ್ಲ.